ಮಗ ದಿನಾ ಎರಡು ತಾಸು ಫೋನ್ ಕಿವಿಗೆ ಒತ್ತಿಕೊಂಡಿರ್ತಾನೆ, ಬ್ರೇನ್ ಟ್ಯೂಮರ್ ಭಯ ಇದೆಯಾ?

ಶಿರಸಿ ಆಯಿ:
ನಮ್ಮದು ಶಿರಸಿಯಿಂದ ಒಳಗೆ ಸಣ್ಣ ಹಳ್ಳಿ, ಮನೇಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದ್ರೆ ದೊಡ್ಡದು. ಮಗನಿಗೆ 16, ಪಿಯುಸಿ. ಜಗಲಿ ಮೂಲೇಲಿ ಒಂದು ಕಂಬ ಇದೆ, ಅದಕ್ಕೆ ಒರಗಿ ನಿಂತ್ರೆ ಮಾತ್ರ ಸಿಗ್ನಲ್ಲು, ರಾತ್ರಿ ಊಟ ಆದ್ಮೇಲೆ ಅಲ್ಲೇ ನಿಂತು ಗೆಳೆಯರ ಜೊತೆ ಎರಡೆರಡು ತಾಸು ಮಾತಾಡ್ತಾನೆ, ಫೋನ್ ಇಟ್ಟಾಗ ಕಿವಿ ಕೆಂಪಗಾಗಿ ಮುಟ್ಟಿದ್ರೆ ಬಿಸಿ ಇರತ್ತೆ. ಈಗ ನೆಂಟರ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ, ಮಕ್ಕಳ ಬುರುಡೆ ತೆಳು, ರೇಡಿಯೇಷನ್ ಒಳಗೆ ಹೋಗಿ ಗಡ್ಡೆ ಆಗತ್ತೆ, ಡಬ್ಲ್ಯೂಎಚ್‌ಓನೇ ಹೇಳಿದೆ ಅಂತ. ಓದಿದಾಗಿಂದ ನಂಗೆ ನಿದ್ದೆ ಇಲ್ಲ. ಊರಿಗೆ ಟವರ್ ಬರೋದಿದೆ, ಬೇಡ ಅಂತ ಸಹಿ ಹಾಕಿಸ್ಕೋತಿದಾರೆ, ನಾನೂ ಹಾಕ್ಲಾ?

ಕಾರವಾರದ ಟವರ್ ಕೆಲಸದವ:
ಅಕ್ಕಾ, ಸಹಿ ಹಾಕೋ ಮೊದಲು ಇದನ್ನ ಓದಿ. ಗುಡ್ಡದ ಆಚೆ ಇದ್ದವರನ್ನ ಕರೀಬೇಕಂದ್ರೆ ಗಂಟಲು ಹರಿಯೋ ಹಂಗೆ ಕೂ ಹಾಕ್ಬೇಕಲ್ಲ, ಫೋನೂ ಹಾಗೇ, ಟವರ್ ದೂರ ಇದ್ದಷ್ಟು ಜಾಸ್ತಿ ಪವರ್ ಬಿಡ್ತದೆ, ಹತ್ರ ಇದ್ರೆ ತೀರಾ ಕಡಿಮೆ ಸಾಕು. ನಿಮ್ಮ ಮಗನ ತಲೆಗೆ ತಾಗೋದು ಟವರ್‌ದಕ್ಕಿಂತ ಕಿವಿಗೆ ಒತ್ತಿದ ಫೋನಿಂದೇ ಹೆಚ್ಚು, ಅಂದ್ರೆ ಟವರ್ ಬಂದ್ರೆ ಅವನಿಗೆ ಕಡಿಮೆಯೇ ಆಗ್ತದೆ. ಹಳೇ 2ಜಿ ಫೋನ್ 2 ವ್ಯಾಟ್ ತನಕ ಬಿಡ್ತಿತ್ತು, 4ಜಿದು ಸುಮಾರು 0.2 ವ್ಯಾಟ್. ಕಿವಿ ಬಿಸಿಯಾಗೋದು ಬಹುಪಾಲು ಬ್ಯಾಟರಿ ಕಾವು, ಒತ್ತಿ ಹಿಡಿದಿದ್ದು. ನಮ್ಮ ಕಡೆ ರೇಡಿಯೇಷನ್ ಅಂದ್ರೆ ಎಲ್ಲರಿಗೂ ಕೈಗಾ ಅಣು ಸ್ಥಾವರ ನೆನಪಾಗ್ತದೆ, ಆದ್ರೆ ಅಣು ವಿಕಿರಣ ಡಿಎನ್‌ಎ ಮುರೀಬಲ್ಲದು, ಫೋನಿನ ರೇಡಿಯೋ ಅಲೆಗೆ ಆ ಶಕ್ತಿ ಇಲ್ಲ. ಡಯಲ್ ಮಾಡೋ ಜಾಗದಲ್ಲಿ *#07# ಒತ್ತಿ, ಫೋನಿನ ಸಾರ್ ಮೌಲ್ಯ ಬರ್ತದೆ, ಅಂದ್ರೆ ಮೈ ಎಷ್ಟು ರೇಡಿಯೋ ಶಕ್ತಿ ಹೀರ್ಕೊಳ್ತದೆ ಅನ್ನೋ ಲೆಕ್ಕ, ನಮ್ಮ ದೇಶದಲ್ಲಿ ಅದು ಕಿಲೋಗೆ 1.6 ವ್ಯಾಟ್ ದಾಟಬಾರದು.

ಹೊನ್ನಾವರ ನರ್ಸ್:
ಡಬ್ಲ್ಯೂಎಚ್‌ಓ ಮಾತು ಅರ್ಧ ನಿಜ. ಅದರ ಕ್ಯಾನ್ಸರ್ ಸಂಸ್ಥೆ 2011ರಲ್ಲಿ ಫೋನಿನ ರೇಡಿಯೋ ಅಲೆಯನ್ನ 2ಬಿ ಪಟ್ಟಿಗೆ ಹಾಕ್ತು, ಅಂದ್ರೆ ಕ್ಯಾನ್ಸರ್ ತರಬಹುದೇನೋ, ಪುರಾವೆ ಸಾಲದು ಅಂತ. ಅದಕ್ಕೆ ಮೊದಲು 13 ದೇಶದ ಇಂಟರ್‌ಫೋನ್ ಅಧ್ಯಯನದಲ್ಲಿ ತುಂಬಾ ಜಾಸ್ತಿ ಮಾತಾಡಿದ ಹತ್ತರಲ್ಲಿ ಒಂದು ಪಾಲು ಜನರಲ್ಲಿ ಮಾತ್ರ ಗ್ಲಯೋಮಾ, ಅಂದ್ರೆ ಒಂದು ಬಗೆಯ ಮೆದುಳಿನ ಗಡ್ಡೆ, ಸ್ವಲ್ಪ ಹೆಚ್ಚು ಕಂಡಿತ್ತು, ಆದ್ರೆ ಅದು ರೋಗಿಗಳು ನೆನಪು ಮಾಡ್ಕೊಂಡು ಹೇಳಿದ ಲೆಕ್ಕ. ಆಮೇಲೆ ಮಕ್ಕಳ ಬಗ್ಗೆನೇ ಮೋಬಿ ಕಿಡ್ಸ್ ಅಂತ ಮಾಡಿದ್ರು, ಭಾರತವೂ ಸೇರಿ 14 ದೇಶ, 10ರಿಂದ 24 ವಯಸ್ಸಿನ ಸುಮಾರು 900 ಟ್ಯೂಮರ್ ರೋಗಿಗಳು, ಹೋಲಿಕೆಗೆ 1,900 ಜನ, ಫೋನ್ ಜಾಸ್ತಿ ಬಳಸಿದವರಲ್ಲಿ ಗಡ್ಡೆ ಜಾಸ್ತಿ ಅಂತ ಸಿಗಲಿಲ್ಲ. 2024ರಲ್ಲಿ ಡಬ್ಲ್ಯೂಎಚ್‌ಓ ಮಾಡಿಸಿದ ಪರಿಶೀಲನೆಯಲ್ಲೂ ಸಂಬಂಧ ಕಾಣಲಿಲ್ಲ. ತೆಳು ಬುರುಡೆ ಮಾತು ಸುಳ್ಳಲ್ಲ, ಮಕ್ಕಳ ಮೆದುಳಿನ ಕೆಲವು ಭಾಗ ದೊಡ್ಡವರಿಗಿಂತ ಹೆಚ್ಚು ಹೀರ್ಕೊಳ್ತದೆ, ಹಾಗಾಗಿ ಇಯರ್‌ಫೋನ್ ಕೊಡ್ಸಿ, ಅಷ್ಟೇ ಸಾಕು.

ಕುಮಟಾದ ಅಕ್ಕ:
ನನ್ನ ತಮ್ಮ 22ಕ್ಕೆ ಗ್ಲಯೋಮಾದಿಂದ ಹೋದ. ಬೆಳಿಗ್ಗೆ ಎದ್ದ ಕೂಡ್ಲೇ ತಲೆನೋವು, ಬಾವಿಕಟ್ಟೆ ಹತ್ರ ವಾಂತಿ, ಹತ್ತು ಗಂಟೆಗೆ ಆರಾಮ. ಪಿತ್ತ ಅಂತ ಮೂರು ತಿಂಗಳು ಕಷಾಯ ಕುಡಿಸಿದ್ವಿ, ಒಂದಿನ ಊಟದ ಎಲೆ ಮುಂದೆನೇ ಫಿಟ್ಸ್ ಬಂತು, ಆಮೇಲೆ ಸ್ಕ್ಯಾನ್. ಮಾತಾಡ್ಸೋಕೆ ಬಂದವರೆಲ್ಲ ಮೊಬೈಲಿಂದಲೇ ಬಂತು ಅಂದ್ರು, ಫೋನ್ ಕೊಡಿಸಿದ್ದು ಅಮ್ಮ, ಅವಳು ಇವತ್ತಿಗೂ ಅದನ್ನ ನೆನೆಸಿ ಅಳ್ತಾಳೆ. ಹೆಚ್ಚಿನವರಲ್ಲಿ ಕಾರಣವೇ ಸಿಗಲ್ಲ ಅಂತ ಡಾಕ್ಟರ್ ಎಷ್ಟು ಹೇಳಿದ್ರೂ ಅವಳ ತಲೆಗೆ ಹೋಗಲ್ಲ. ಆ ಫಾರ್ವರ್ಡ್ ಕಳ್ಸೋ ಮೊದಲು ಅಂಥ ಒಂದು ತಾಯಿ ಇದಾಳೆ ಅಂತ ನೆನಪಿಡಿ ದಯವಿಟ್ಟು. ನಿಮ್ಮ ಮಗನಿಗೆ ಬೆಳಗಿನ ಹೊತ್ತು ತಲೆನೋವು, ವಾಂತಿ, ಕಣ್ಣಿಗೆ ಎರಡೆರಡು ಕಾಣೋದು, ನಡೆಯುವಾಗ ವಾಲೋದು ಏನಾದ್ರೂ ಇದ್ರೆ ಮಾತ್ರ ತಡ ಮಾಡ್ಬೇಡಿ.

ಶಿರಸಿ ಆಯಿ:
ಅಕ್ಕಾ, ನಿಮ್ಮದು ಓದಿ ತುಂಬಾ ಹೊತ್ತು ಏನೂ ಬರೆಯೋಕಾಗ್ಲಿಲ್ಲ. ಗ್ರೂಪಲ್ಲಿ ಆ ಮೆಸೇಜ್ ಮುಂದೆ ಕಳಿಸ್ಬೇಡಿ ಅಂತ ಹಾಕಿದೀನಿ. ಮಗನ್ನ ಕೂರಿಸಿ ಕೇಳ್ದೆ, ತಲೆನೋವು ಇಲ್ಲ, ರಾತ್ರಿ ಕಣ್ಣು ಉರಿಯತ್ತೆ ಅಂದ, ಕಣ್ಣಿನ ಡಾಕ್ಟರಿಗೆ ತೋರಿಸ್ತೀನಿ. ಶಿರಸಿ ಪೇಟೆಯಿಂದ ವೈರಿನ ಇಯರ್‌ಫೋನ್ ತಂದಾಯ್ತು, ಕಂಬಕ್ಕೆ ಮೊಳೆ ಹೊಡೆದು ಬಟ್ಟೆ ಚೀಲ ನೇತಾಕಿದೀನಿ, ಫೋನ್ ಅದರಲ್ಲಿ, ಅವನು ಪಕ್ಕದ ಕುರ್ಚೀಲಿ. ಸಹಿ ಹಾಕಲಿಲ್ಲ.