ವರ್ಷ ವರ್ಷ ಹೊಸ ಡಿಸ್ಕ್ ತರಬೇಕಾ? ಗೇಮ್‌ನ ಮುಂದಿನ ಭಾಗ ಎಷ್ಟು ವರ್ಷಕ್ಕೆ ಬಂದರೆ ಸರಿ?

ಸಾಲಗಾಮೆ_ರೋಡ್:

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಸಣ್ಣ ಗೇಮಿಂಗ್ ಪಾರ್ಲರ್ ಇದೆ. ಟಿವಿಗೆ ಜೋಡಿಸಿ ಗೇಮ್ ಆಡುವ ಮೂರು ಪಿಎಸ್4 ಮಷಿನ್, ಎರಡು ಹಳೇ ಕಂಪ್ಯೂಟರ್, ಒಂದು ಯುಪಿಎಸ್. ಗಂಟೆಗೆ 60 ರೂಪಾಯಿ. ಬರುವವರು ಹೆಚ್ಚಾಗಿ ಇಂಜಿನಿಯರಿಂಗ್ ಹುಡುಗರು. ಇಂಟರ್ನಲ್ಸ್ ಬಂದರೆ ಅಂಗಡಿ ಬಿಕೋ ಅನ್ನುತ್ತದೆ. ಮುಗಿದ ದಿನ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ.

ನನ್ನ ತಕರಾರು ಫುಟ್‌ಬಾಲ್ ಆಟದ್ದು. ಹೆಸರು ಬೇಡ, ನಿಮಗೇ ಗೊತ್ತು. ವರ್ಷಕ್ಕೊಂದು ಬರುತ್ತದೆ. ಒಂದು ಡಿಸ್ಕಿಗೆ ನಾಲ್ಕು ಸಾವಿರದ ಆಸುಪಾಸು, ಮೂರು ಮಷಿನ್‌ಗೆ ಮೂರು. ಹಿಂದಿನ ವರ್ಷದ್ದನ್ನು ಮಾರಲು ಹೋದರೆ ಐನೂರೂ ಹುಟ್ಟುವುದಿಲ್ಲ. ಒಂದು ವರ್ಷ ಹಠ ಹಿಡಿದು ತರಲಿಲ್ಲ. ಹುಡುಗರು ಜಗಳ ಏನೂ ಮಾಡಲಿಲ್ಲ, ಸುಮ್ನೆ ಬರುವುದು ಬಿಟ್ಟರು. ಡಿಸೆಂಬರ್‌ನಲ್ಲಿ ಮೆತ್ತಗೆ ಹೋಗಿ ತಂದೆ. ಹಾಕಿ ನೋಡಿದರೆ ಅದೇ ಹುಲ್ಲು, ಅದೇ ಗೋಲು. ಇವನು ಆ ಕ್ಲಬ್ ಬಿಟ್ಟು ಈ ಕ್ಲಬ್ ಸೇರಿದ್ದಾನೆ, ಇನ್ನೊಬ್ಬನ ಕೂದಲು ಬದಲಾಗಿದೆ. ಅಷ್ಟಕ್ಕೆ ಹನ್ನೆರಡು ಸಾವಿರ!

ಅದೇ ಮಷಿನ್‌ನಲ್ಲಿ ಜಿಟಿಎ 5 ಕೂಡ ಇದೆ. 2013ರ ಆಟ. ನಾನು ದುಡ್ಡು ಕೊಟ್ಟಿದ್ದು ಒಂದೇ ಸಲ, ಇವತ್ತಿಗೂ ದುಡಿಯುತ್ತಿದೆ. ಅದು ಬಂದಾಗ ಎರಡನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ನನ್ನ ಅಂಗಡಿಯಲ್ಲಿ ಕೂತು ಕಾರು ಕದಿಯುತ್ತಾರೆ. ಆದರೆ ಆ ಆಟ ಮಾಡುವವರದ್ದೂ ಅತಿಯಾಯಿತು ಅಲ್ವಾ? ಆರನೆಯದು ಮೊದಲು 2025 ಅಂದರು. ಆಮೇಲೆ 2026ರ ಮೇ 26 ಅಂದರು. ಆಮೇಲೆ ನವೆಂಬರ್ 19. ಹುಡುಗರಿಗೆ ಉತ್ತರ ಕೊಡುವವನು ನಾನು. ಬಂದರೂ ಅದು ಪಿಎಸ್5ಗೆ, ನನ್ನ ಪಿಎಸ್4ನಲ್ಲಿ ಓಡುವುದಿಲ್ಲ. ಅಲ್ಲಿಗೆ ಮಷಿನ್ನೇ ಬದಲಾಯಿಸಬೇಕು.

ಒಂದು ಕಡೆ ಉಸಿರಾಡಲು ಬಿಡುವುದಿಲ್ಲ, ಇನ್ನೊಂದು ಕಡೆ ಹದಿಮೂರು ವರ್ಷ ಕಾಯಿಸುತ್ತಾರೆ. ಸರಿಯಾದ ಲೆಕ್ಕ ಎಷ್ಟು ಅಂತೀರಿ?

ಮೂಡಿಗೆರೆ_ಅರೇಬಿಕಾ:

ನಾನು ತೋಟದವನು, ತೋಟದ ಮಾತೇ ಬರುತ್ತದೆ, ಬೇಜಾರು ಮಾಡ್ಕೋಬೇಡಿ. ಅರೇಬಿಕಾ ಕಾಫಿ ಗಿಡ ಒಂದು ವರ್ಷ ರೆಕ್ಕೆ, ಅಂದರೆ ಕೊಂಬೆ, ಬಗ್ಗುವಷ್ಟು ಫಸಲು ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತದೆ. ಗಿಡಕ್ಕೆ ಆ ಬಿಡುವು ಬೇಕು. ಮೈಮೀರಿ ಕಾಯಿ ಹೊತ್ತ ಗಿಡದ ರೆಕ್ಕೆ ತುದಿಯಿಂದ ಒಣಗುತ್ತಾ ಬರುತ್ತದೆ.

ಅಸ್ಯಾಸಿನ್ಸ್ ಕ್ರೀಡ್ ಅನ್ನುವ ಆಟದ ಸಾಲಿಗೆ ಆಗಿದ್ದು ಅದೇ. 2009ರಿಂದ 2015ರವರೆಗೆ ವರ್ಷ ತಪ್ಪದೆ ಬಂತು. 2014ರ ಯೂನಿಟಿಯಲ್ಲಿ ಕೆಲವರ ಮುಖವೇ ಮಾಯ. ಬರೀ ಕಣ್ಣುಗುಡ್ಡೆ, ಹಲ್ಲು, ಮೇಲೆ ಕೂದಲು! ನೋಡಿಲ್ಲದಿದ್ದರೆ ಫೋಟೋ ಹುಡುಕಿ ನೋಡಿ, ರಾತ್ರಿ ಮಾತ್ರ ಬೇಡ. ಕಂಪನಿ ಕ್ಷಮೆ ಕೇಳಿತು, ಹೆಚ್ಚುವರಿ ಕಂತನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತು. 2016ರಲ್ಲಿ ದೊಡ್ಡ ಆಟ ತರಲೇ ಇಲ್ಲ. 2017ರಲ್ಲಿ ಈಜಿಪ್ಟಿನ ಕಥೆಯ ಒರಿಜಿನ್ಸ್ ಬಂತು. ಹೊಡೆದಾಟದ ರೀತಿಯನ್ನೇ ಬದಲಾಯಿಸಿದ್ದರು. ಒಂದು ಇಡೀ ಮಳೆಗಾಲ, ಕರೆಂಟ್ ಇದ್ದಷ್ಟು ಹೊತ್ತು, ಅದನ್ನೇ ಆಡಿದೆ. ನನ್ನ ಲೆಕ್ಕ ಎರಡರಿಂದ ಮೂರು ವರ್ಷ.

ಬಗ್_ಹಿಡಿಯುವವ:

ಊರು ಅರಸೀಕೆರೆ. ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸ.

ಮೂಡಿಗೆರೆಯವರೇ, ಎರಡು ಮೂರು ವರ್ಷ ಅನ್ನುವುದು ಹಳೇ ಲೆಕ್ಕ. ಜಿಟಿಎ 3 ಬಂದಿದ್ದು 2001ರಲ್ಲಿ, ವೈಸ್ ಸಿಟಿ 2002, ಸ್ಯಾನ್ ಆಂಡ್ರಿಯಾಸ್ 2004. ಮೂರು ವರ್ಷದಲ್ಲಿ ಮೂರು ಆಟ, ಮೂರೂ ಗಟ್ಟಿ. ಆಗ ಮಾತಾಡುವಾಗ ತುಟಿ ಅಲ್ಲಾಡಿದರೆ ಸಾಕಿತ್ತು. ಈಗ ಹಣೆಯ ಮೇಲೆ ಬೆವರು ಹನಿ ಹನಿಯಾಗಿ ಇಳಿಯಬೇಕು. ರಸ್ತೆ ಬದಿಯ ಕಸದ ಬುಟ್ಟಿಯನ್ನೂ ಯಾರೋ ಒಬ್ಬರು ಕೂತು ಮಾಡಬೇಕು, ಅದಕ್ಕೆ ಬೆಳಕು ಹೇಗೆ ಬೀಳುತ್ತದೆ ನೋಡಬೇಕು. ಆಮೇಲೆ ಕಾರು ಗುದ್ದಿದಾಗ ಅದು ನೆಲದೊಳಗೆ ಇಳಿದು ಹೋಗುತ್ತದಾ ಅಂತ ನನ್ನಂಥವನು ಇನ್ನೂರು ಸಲ ಗುದ್ದಬೇಕು.

ಇನ್ನೊಂದು ವಿಷಯ. ವರ್ಷಕ್ಕೊಂದು ಬಂದ ಮಾತ್ರಕ್ಕೆ ಅದನ್ನು ಒಂದೇ ವರ್ಷದಲ್ಲಿ ಮಾಡಿದ್ದು ಅಂತ ಅಲ್ಲ. ಕಾಲ್ ಆಫ್ ಡ್ಯೂಟಿ ಅನ್ನುವ ಯುದ್ಧದ ಆಟ 2005ರಿಂದ ಒಂದು ವರ್ಷವೂ ತಪ್ಪಿಲ್ಲ. ಮೊದಲು ಇನ್ಫಿನಿಟಿ ವಾರ್ಡ್, ಟ್ರೆಯಾರ್ಕ್ ಅನ್ನುವ ಎರಡು ತಂಡಗಳು ಸರದಿ ಮೇಲೆ ಮಾಡುತ್ತಿದ್ದವು. 2014ರಲ್ಲಿ ಸ್ಲೆಡ್ಜ್‌ಹ್ಯಾಮರ್ ಸೇರಿ ಸರದಿ ಮೂರಾಯಿತು. ಒಂದೊಂದು ತಂಡಕ್ಕೆ ಸುಮಾರು ಮೂರು ವರ್ಷ ಸಿಗಲಿ ಅಂತ ಆ ಏರ್ಪಾಡು. ಮದುವೆ ಅಡುಗೆ ಇದ್ದಂತೆ. ಒಲೆ ಮೂರು ಉರಿಯುತ್ತಿರುತ್ತವೆ, ಪಂಕ್ತಿಗೆ ಬಿಸಿ ಬಿಸಿಯಾಗಿ ಬರುತ್ತಲೇ ಇರುತ್ತದೆ.

ಕಷ್ಟ ಇರುವುದು ತಾರೀಕಿನಲ್ಲಿ. ನಾನು ಮೊದಲಿದ್ದ ಕಡೆ ಕೊನೆಯ ಎರಡು ತಿಂಗಳು ರಾತ್ರಿ ಊಟವೂ ಆಫೀಸಿನಲ್ಲೇ. ನಾವು ಹಿಡಿದ ಬಗ್‌ಗಳಲ್ಲಿ, ಅಂದರೆ ಆಟದೊಳಗಿನ ತಪ್ಪುಗಳಲ್ಲಿ, ಅರ್ಧಕ್ಕೆ 'ಆಮೇಲೆ ನೋಡೋಣ' ಅಂತ ಬರೆದು ಮುಚ್ಚಿದರು. ಬಿಡುಗಡೆ ದಿನ ಆಡಿದವರು ಬೈದಿದ್ದು ಅವೇ ಬಗ್‌ಗಳಿಗೆ.

ಪೆನ್ಶನ್_ಮೊಹಲ್ಲ_ಮಗ:

ಹಾಸನಾಂಬೆ ವರ್ಷಕ್ಕೊಂದು ಸಲವಾದರೂ ಬಾಗಿಲು ತೆಗೆಯುತ್ತಾಳೆ ಗುರು. ಜಿಟಿಎಯವರಿಗೆ ಏನು ಹರಕೆ ಹೊರೋಣ?

ಕತ್ತಲೆ_ಹುಳ:

ಅಣ್ಣಾ, ನಾನು ಚಿಕ್ಕಮಗಳೂರಿನವಳು. ನೀವು ಹದಿಮೂರು ವರ್ಷ ಅಂತ ಬೈಯುತ್ತಿದ್ದೀರಿ, ನನಗೆ ಕಾಯುವುದು ಕಷ್ಟವೇ ಅಲ್ಲ. ಹಾಲೋ ನೈಟ್ 2017ರ ಆಟ. ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಬರುತ್ತದೆ ಅಂತ ಹೇಳಿದ್ದು 2019ರಲ್ಲಿ. ಆಗ ನಾನು ಪಿಯುಸಿ. ಡಿಗ್ರಿ ಮುಗಿಯಿತು, ಬಿ.ಎಡ್ ಮುಗಿಯಿತು. 2022ರಲ್ಲಿ ನಮ್ಮ ಬೆಟ್ಟದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಕುರಿಂಜಿಯೂ ಅರಳಿ ಉದುರಿತು. ಇದು ಮಾತ್ರ ಬರಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್ 4ಕ್ಕೆ ಬಂತು. ತಾರೀಕು ಹೇಳಿದ್ದು ಎರಡು ವಾರ ಮುಂಚೆ ಅಷ್ಟೇ. ಆ ಸಂಜೆ ಕೊಳ್ಳಲು ಹೋದವರ ನೂಕುನುಗ್ಗಲಿಗೆ ಆನ್‌ಲೈನ್‌ನಲ್ಲಿ ಗೇಮ್ ಮಾರುವ ಸ್ಟೀಮ್ ಅಂಗಡಿಯೇ ಕುಸಿದು ಬಿತ್ತು. ನಾನು ಫೋನಿನಲ್ಲಿ ಒಂದು ಕೈ, ಲ್ಯಾಪ್‌ಟಾಪಿನಲ್ಲಿ ಒಂದು ಕೈ ಇಟ್ಟುಕೊಂಡು ಕೂತಿದ್ದೆ. ಅಮ್ಮ ನೋಡಿ, ರಿಸಲ್ಟ್ ಏನಾದರೂ ಬಂತಾ ಅಂತ ಕೇಳಿದರು.

ಮಾಡಿದವರು ಆಸ್ಟ್ರೇಲಿಯಾದ ಬೆರಳೆಣಿಕೆಯ ಜನ. ಅವರನ್ನು ಬೇಗ ಬೇಗ ಅನ್ನಲು ನನಗೆ ಮನಸ್ಸಿಲ್ಲ. ಎಷ್ಟು ವರ್ಷವಾದರೂ ಆಗಲಿ, ಅಡುಗೆ ಆಗುವ ಮೊದಲು ಎಲೆ ಹಾಕಬೇಡಿ, ಅಷ್ಟೇ. ಎಲ್ಡರ್ ಸ್ಕ್ರೋಲ್ಸ್ 6 ಅನ್ನುವ, ಇನ್ನೂ ಬಾರದ ಆಟದ ಬೆಟ್ಟಗುಡ್ಡದ ತುಣುಕು ತೋರಿಸಿದ್ದು 2018ರಲ್ಲಿ. ಅಷ್ಟು ಬೇಗ ತೋರಿಸುವ ದರ್ದು ಏನಿತ್ತು?

ಸಾಲಗಾಮೆ_ರೋಡ್:

ಎಲ್ಲರೂ ಕಥೆ ಇರುವ ಆಟಗಳ ಬಗ್ಗೆ ಹೇಳಿದಿರಿ. ಅವಕ್ಕೆ ಮೂರೋ ಆರೋ ವರ್ಷ ಆಗಲಿ, ಒಪ್ಪಿದೆ. ಜಿಟಿಎ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಕೂಗಾಡಿದೆ. ನನ್ನ ದುಡ್ಡು ಹೋಗುತ್ತಿರುವುದು ಫುಟ್‌ಬಾಲಿಗೆ.

ನನ್ನ ಎರಡು ಹಳೇ ಕಂಪ್ಯೂಟರ್‌ನಲ್ಲಿ ಏನು ಓಡುತ್ತದೆ ಗೊತ್ತಾ? ಇಎ ಕ್ರಿಕೆಟ್ 07. 2006ರ ಕೊನೆಯಲ್ಲಿ ಬಂದ ಆಟ. ಆಮೇಲೆ ಇಎ ಕಂಪನಿಯವರು ಆ ಸಾಲಿನಲ್ಲಿ ಮುಂದಿನದು ತರಲೇ ಇಲ್ಲ. ಆದರೂ ಅದು ಸಾಯಲಿಲ್ಲ. ಆಡುವವರೇ ಕೂತು ಜೆರ್ಸಿ ಬದಲಾಯಿಸಿದರು, ಹೆಸರು ತಿದ್ದಿದರು, ಪ್ಯಾಚ್ ಮಾಡಿ ಹಂಚಿದರು. ಐಪಿಎಲ್ ಶುರುವಾಗಿದ್ದು 2008ರಲ್ಲಿ. ಐಪಿಎಲ್ ಹುಟ್ಟುವ ಮೊದಲೇ ಬಂದ ಆಟದಲ್ಲಿ ನಮ್ಮ ಹುಡುಗರು ಆರ್‌ಸಿಬಿ ಕಟ್ಟಿಕೊಂಡು ಆಡುತ್ತಾರೆ! ಹಾಗಿದ್ದ ಮೇಲೆ ಬರೀ ಹೆಸರು, ಜೆರ್ಸಿ ಬದಲಾಯಿಸಲು ನನಗೆ ಪೂರ್ತಿ ಡಿಸ್ಕ್ ಯಾಕೆ ಮಾರಬೇಕು? ವರ್ಷಕ್ಕೆ ಐನೂರು ರೂಪಾಯಿಗೆ ಹೊಸ ಪಟ್ಟಿ ಕೊಡಲಿ. ನಾಲ್ಕು ವರ್ಷಕ್ಕೊಮ್ಮೆ, ವಿಶ್ವಕಪ್ ಹೊತ್ತಿಗೆ, ಹೊಸ ಆಟ ತರಲಿ.

ಬಗ್_ಹಿಡಿಯುವವ:

ಸುಮಾರಾಗಿ ಹಾಗೇ ಮಾಡಲು ಹೋದವರಿದ್ದಾರೆ. ಕೊನಾಮಿ ಕಂಪನಿ 2021ರಲ್ಲಿ ತನ್ನ ಫುಟ್‌ಬಾಲ್ ಆಟದ ಪಿಇಎಸ್ ಹೆಸರು ಕೈಬಿಟ್ಟು ಇಫುಟ್‌ಬಾಲ್ ಅಂತ ಮಾಡಿ, ಆಟ ಪುಕ್ಕಟೆ, ಅಪ್‌ಡೇಟ್ ಬರುತ್ತಿರುತ್ತದೆ ಅಂದಿತು. ಮೊದಲ ದಿನವೇ ಆಟಗಾರರ ಮುಖಗಳು ನಗೆಪಾಟಲಾದವು. ಆದರೂ ನಿಂತಿದೆ, ನಡೆಯುತ್ತಿದೆ. ಪುಕ್ಕಟೆ ಅಂದ ಮೇಲೆ ಒಳಗೆ ಆಟಗಾರರನ್ನು ಮಾರುವ ಅಂಗಡಿ ಇರುತ್ತದೆ, ಅದು ಬೇರೆ ಮಾತು. ನೀವು ಒಂದೇ ಹೊಸ ಡಿಸ್ಕ್ ತಂದು, ಉಳಿದ ಎರಡರಲ್ಲಿ ಹಳೇದನ್ನೇ ಕಡಿಮೆ ರೇಟಿಗೆ ಬಿಟ್ಟು ನೋಡಿ.

ಸಾಲಗಾಮೆ_ರೋಡ್:

ನೋಡಿದೆ. ಒಂದು ಮಷಿನ್‌ಗೆ 2023ರ ಡಿಸ್ಕ್ ಹಾಕಿ, 'ಗಂಟೆಗೆ 40' ಅಂತ ಚೀಟಿ ಅಂಟಿಸಿದೆ. ಮೊದಲ ದಿನ ಇಬ್ಬರು ಕೂತರು. ಖುಷಿಯಾಗಿ ಟೀ ತರಿಸಿದೆ. ಟೀ ಬರುವಷ್ಟರಲ್ಲಿ ಅವರಲ್ಲಿ ಒಬ್ಬ, "ಅಣ್ಣಾ, ಇದರಲ್ಲಿ ಎಂಬಾಪೆ ಇನ್ನೂ ಪ್ಯಾರಿಸ್ ಕ್ಲಬ್‌ನಲ್ಲೇ ಇದ್ದಾನಲ್ಲ" ಅಂತ ಎದ್ದು, ಹೊಸ ಡಿಸ್ಕಿನ ಮಷಿನ್ ಹಿಂದೆ ಹೋಗಿ ಪಾಳಿ ನಿಂತ.