ಹೊಸದಾಗಿ ತಂಡ ಕಟ್ಟುವಾಗ ಎಳೆಯ ವೇಗದ ಬೌಲರ್‌ಗಳಿಗೆ ಬಡ್ತಿ ಕೊಡುವುದು ಯಾವಾಗ?

ಹಳೇಹುಬ್ಬಳ್ಳಿ ಸೀಮರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಕ್ಲಬ್‌ನ ಆಯ್ಕೆ ಸಮಿತಿಯಲ್ಲಿ ನಾನಿದ್ದೇನೆ. ಕಳೆದ ಋತುವಿನ ಕೊನೆಗೆ ನಮ್ಮ ಅನುಭವಿ ಆಟಗಾರರಲ್ಲಿ ಹೆಚ್ಚಿನವರು ಒಮ್ಮೆಲೇ ತಂಡ ಬಿಟ್ಟರು. ಕೆಲವರಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತು, ಉಳಿದವರಿಗೆ ವಯಸ್ಸಾಯಿತು. ಇನ್ನೆರಡು ಋತು ಗೆಲುವು ಕಡಿಮೆಯಾದರೂ ಚಿಂತೆಯಿಲ್ಲ, ತಂಡವನ್ನು ಹೊಸದಾಗಿ ಕಟ್ಟೋಣ ಎಂದು ಆಡಳಿತ ಸಮಿತಿಯವರು ತೀರ್ಮಾನಿಸಿದ್ದಾರೆ.

ನಮ್ಮಲ್ಲಿ ಮೂವರು ಎಳೆಯ ವೇಗಿಗಳಿದ್ದಾರೆ. ಒಬ್ಬನಿಗೆ 18 ವರ್ಷ. ವೇಗ ಸಾಧಾರಣ, ಆದರೆ ಹೇಳಿದ ಜಾಗದಲ್ಲಿ ಚೆಂಡು ಹಾಕುತ್ತಾನೆ. ಇನ್ನೊಬ್ಬ 17ರ ಎಡಗೈ ಬೌಲರ್, ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಿದ್ದಾನೆ. ಮೂರನೆಯವನಿಗೆ 16 ತುಂಬಿದೆ. ಅವನಷ್ಟು ವೇಗದ ಹುಡುಗನನ್ನು ಈ ಭಾಗದಲ್ಲಿ ನಾನು ಬಹಳ ವರ್ಷಗಳಿಂದ ಕಂಡಿಲ್ಲ. ಹೇಗಿದ್ದರೂ ಸೋಲುವ ಋತುವಾದ್ದರಿಂದ ಮೂವರನ್ನೂ ಈಗಲೇ ಹಿರಿಯರ ಲೀಗ್‌ನಲ್ಲಿ ಆಡಿಸಿ ಅನುಭವ ಕೊಡಬೇಕು ಎಂಬುದು ಸಮಿತಿಯ ಬಹುಮತ. ನನಗೆ ಅದೇ ಮಾತಿನಿಂದ ಆತಂಕವಾಗಿದೆ. ಸೋಲಿನ ಋತುವಿನಲ್ಲಿ ಎದುರಾಳಿಗಳು ಇಡೀ 50 ಓವರ್ ಆಡುತ್ತಾರೆ, ನಮ್ಮ ಬೌಲರ್‌ಗಳ ಮೇಲಿನ ಭಾರ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹುಡುಗ ಸಿದ್ಧನಾಗಿದ್ದಾನೆ ಎಂಬುದನ್ನು ಯಾವುದರಿಂದ ತಿಳಿಯಬೇಕು? ವಯಸ್ಸಿನಿಂದಲೋ, ವಿಕೆಟ್‌ಗಳಿಂದಲೋ, ಮೈಕಟ್ಟಿನಿಂದಲೋ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಸಪ್ತಾಪುರ ಫಿಸಿಯೊ:

ಸರ್, ನಾನು ಧಾರವಾಡದಲ್ಲಿ ಕ್ರೀಡಾಪಟುಗಳಿಗೆ ಫಿಸಿಯೊಥೆರಪಿ ಮಾಡುತ್ತೇನೆ. ಆದ್ದರಿಂದ ಶರೀರದ ಕಡೆಯಿಂದಲೇ ಆರಂಭಿಸುತ್ತೇನೆ. ವೇಗದ ಬೌಲಿಂಗ್‌ನಲ್ಲಿ ಮುಂಗಾಲು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಒತ್ತಡ ಕಾಲಿನ ಮೂಲಕ ಕೆಳಬೆನ್ನಿಗೆ ಏರುತ್ತದೆ, ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಗುತ್ತಿರುತ್ತದೆ. ಈ ಎರಡೂ ಒಟ್ಟಿಗೆ ಸಾವಿರಾರು ಸಲ ನಡೆದಾಗ ಕೆಳಬೆನ್ನಿನ ಕಶೇರುಕಗಳಲ್ಲಿ, ಸಾಮಾನ್ಯವಾಗಿ ಬೌಲ್ ಮಾಡುವ ಕೈಯ ವಿರುದ್ಧ ಬದಿಯಲ್ಲಿ, ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತೇವೆ. ಬೆನ್ನಿನ ಆ ಭಾಗದ ಮೂಳೆ ಪೂರ್ತಿ ಗಟ್ಟಿಯಾಗಲು ಇಪ್ಪತ್ತು ದಾಟಬೇಕು. ಹಲವರಲ್ಲಿ ಇಪ್ಪತ್ತರ ನಡುಭಾಗವೂ ಆಗುತ್ತದೆ. ಆರಡಿ ಎತ್ತರ ಬೆಳೆದು ಭುಜ ತುಂಬಿಕೊಂಡ ಹದಿನಾರರ ಹುಡುಗನನ್ನು ನೋಡಿ ನಾವು ಗಂಡಾಳು ಎನ್ನುತ್ತೇವೆ, ಆದರೆ ಅವನ ಮೂಳೆ ಇನ್ನೂ ಎಳೆಯದೇ. ಆದ್ದರಿಂದ ಮೈಕಟ್ಟನ್ನು ದಯವಿಟ್ಟು ಅಳತೆಗೋಲು ಮಾಡಿಕೊಳ್ಳಬೇಡಿ.

ಆಸ್ಟ್ರೇಲಿಯಾದ ವೇಗದ ಬೌಲರ್ ಪ್ಯಾಟ್ ಕಮಿನ್ಸ್ ಅವರ ವೃತ್ತಾಂತವನ್ನು ಸಮಿತಿಯವರಿಗೆ ಹೇಳಬಹುದು. ಪ್ರಥಮ ದರ್ಜೆಯ ಕೇವಲ ಮೂರು ಪಂದ್ಯಗಳನ್ನು ಆಡಿದ್ದ ಅವರು 2011ರ ನವೆಂಬರ್‌ನಲ್ಲಿ, 18ನೇ ವಯಸ್ಸಿನಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿದರು. ಎರಡನೇ ಇನಿಂಗ್ಸ್‌ನಲ್ಲಿ 79 ರನ್‌ಗೆ 6 ವಿಕೆಟ್ ಪಡೆದು, ಗೆಲುವಿನ ರನ್ನನ್ನೂ ತಾವೇ ಹೊಡೆದು ಪಂದ್ಯಶ್ರೇಷ್ಠರಾದರು. ಅವರ ಎರಡನೇ ಟೆಸ್ಟ್ ನಡೆದದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷಗಳಲ್ಲಿ ಬೆನ್ನಿನ ಗಾಯ ಮತ್ತೆ ಮತ್ತೆ ಮರುಕಳಿಸಿತು. ಕೌಶಲದಲ್ಲಿ ಅವರು 18ಕ್ಕೇ ಟೆಸ್ಟ್ ಮಟ್ಟ ಮುಟ್ಟಿದ್ದರು, ಶರೀರ ಮಾತ್ರ ಮುಟ್ಟಿರಲಿಲ್ಲ. ಅವರ ಹಿಂದೆ ಶ್ರೀಮಂತ ಮಂಡಳಿಯೂ ನುರಿತ ವೈದ್ಯರೂ ಇದ್ದರು, ಮರಳಿ ಬಂದರು. ನಮ್ಮ ಹುಡುಗನ ಬೆನ್ನು ಬಿರುಕು ಬಿಟ್ಟರೆ ಅವನ ತಂದೆ ಎಂಆರ್‌ಐ ಖರ್ಚಿಗೇ ಸಾಲ ಮಾಡಬೇಕಾಗುತ್ತದೆ.

ಒಂದು ವಾರದ ಒಟ್ಟು ಎಸೆತಗಳಿಗಿಂತಲೂ ಅವುಗಳ ದಿಢೀರ್ ಏರಿಕೆ ಹೆಚ್ಚು ಅಪಾಯಕಾರಿ. ಬಡ್ತಿಯೆಂದರೆ ಅಂಥ ಏರಿಕೆಯೇ: ಹೊಸ ತಂಡ, ಉದ್ದನೆಯ ಸ್ಪೆಲ್ (ಒಂದೇ ಸರದಿಯಲ್ಲಿ ಹಾಕುವ ಓವರ್‌ಗಳು), ನಾಯಕನ ಮೆಚ್ಚುಗೆ ಗಳಿಸಬೇಕೆಂಬ ಹಂಬಲ, ಇವುಗಳ ಜೊತೆಗೆ ಮ್ಯಾಟ್ ಹಾಸಿದ ಗಟ್ಟಿ ನೆಲ. ಆದ್ದರಿಂದ ಬಡ್ತಿಗೆ ಎರಡು ತಿಂಗಳು ಮೊದಲಿನಿಂದಲೇ ಪ್ರತಿಯೊಬ್ಬನ ಎಸೆತಗಳನ್ನು ಪುಸ್ತಕದಲ್ಲಿ ಬರೆದಿಡಿ. ನೆಟ್ಸ್, ಕಾಲೇಜು ಪಂದ್ಯ, ಓಣಿಯ ಟೆನಿಸ್ ಬಾಲ್ ಟೂರ್ನಿ ಎಲ್ಲವೂ ಅದರಲ್ಲಿ ಸೇರಬೇಕು. ಬೌಲಿಂಗ್ ನಂತರ ಕೆಳಬೆನ್ನಿನ ಒಂದೇ ಬದಿಯಲ್ಲಿ ನೋವು ಬಂದು, ಹಿಂದಕ್ಕೆ ಬಾಗಿದಾಗ ಅದು ಹೆಚ್ಚಾದರೆ, ಅಂದೇ ಬೌಲಿಂಗ್ ನಿಲ್ಲಿಸಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಅನೇಕ ಸಲ ಕಾಣುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಹುಡುಗನನ್ನು ಮತ್ತೆ ಓಡಿಸಬೇಡಿ.

ಬೆಟಗೇರಿಯವ:

ನಾನು ಗದಗ-ಬೆಟಗೇರಿಯವನು. ಕೆಲಸದ ನಿಮಿತ್ತ ಕೆಲವು ವರ್ಷ ಅಮೆರಿಕದಲ್ಲಿದ್ದಾಗ ಬೇಸ್‌ಬಾಲ್ ನೋಡುವ ಅಭ್ಯಾಸವಾಯಿತು, ಈಗಲೂ ಬಿಟ್ಟಿಲ್ಲ. ತಮ್ಮ ಪ್ರಶ್ನೆಯನ್ನು ಅಲ್ಲಿನ ಸೋಲುವ ತಂಡಗಳು ಪ್ರತಿವರ್ಷ ಎದುರಿಸುತ್ತವೆ. ಅಲ್ಲಿ ಚೆಂಡು ಎಸೆಯುವ ಆಟಗಾರನಾದ ಪಿಚರ್‌ನ ಬೆನ್ನಿಗಿಂತ ಮೊಣಕೈಯ ಅಸ್ಥಿಬಂಧಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ ಎಂಬುದು ನಿಜವಾದರೂ, ನಿರ್ಧಾರದ ಕಷ್ಟ ಒಂದೇ.

ತಮ್ಮ ಸಮಿತಿಯ ವಾದಕ್ಕೆ ತೀರ ಹತ್ತಿರದ ಉದಾಹರಣೆ 1973ರದು. ಟೆಕ್ಸಾಸ್ ರೇಂಜರ್ಸ್ ಆಗ ದುರ್ಬಲ ತಂಡ. ಆ ವರ್ಷ 105 ಪಂದ್ಯ ಸೋತಿತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ ಮೊದಲಿಗನಾಗಿ ಪಡೆದ ಡೇವಿಡ್ ಕ್ಲೈಡ್ ಎಂಬ 18ರ ಹುಡುಗನನ್ನು, ಪ್ರೌಢಶಾಲೆ ಮುಗಿಸಿದ ಕೆಲವೇ ವಾರಗಳಲ್ಲಿ, ಕೆಳಹಂತದ ಮೈನರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿಸದೆ, ನೇರವಾಗಿ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಇಳಿಸಿದರು. ಜೂನ್ 27ರಂದು ಅವನನ್ನು ನೋಡಲು ಕ್ರೀಡಾಂಗಣ ತುಂಬಿತು, ಅಂದು ಅವನು ಗೆದ್ದ ಕೂಡ. ಆದರೆ ಮುಂದೆ ಅವನು ಅರಳಲಿಲ್ಲ. ಇಡೀ ವೃತ್ತಿಜೀವನದಲ್ಲಿ 18 ಗೆಲುವು, 33 ಸೋಲು ಅವನ ಲೆಕ್ಕದಲ್ಲಿ ಉಳಿದವು. ಹುಡುಗನಿಗೆ ಬೇಕಾದದ್ದನ್ನು ಯಾರೂ ಕೇಳಲಿಲ್ಲ. ತಂಡಕ್ಕೆ ಟಿಕೆಟ್ ಮಾರಾಟವಾಗಬೇಕಿತ್ತು.

ಇದಕ್ಕೆ ಎದುರಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಪಾಲ್ ಸ್ಕೀನ್ಸ್ ಎಂಬ ಪಿಚರ್ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ನೋಡಿ. 2023ರ ಜುಲೈನಲ್ಲಿ ಮೊದಲ ಆಯ್ಕೆಯಾಗಿ ಬಂದಾಗ ಅವರು ಮೂರು ವರ್ಷ ಕಾಲೇಜು ತಂಡಗಳಲ್ಲಿ ಆಡಿ ಪಳಗಿದ್ದರು. ಆದರೂ 2024ರ ಋತುವನ್ನು ಇಂಡಿಯಾನಾಪೊಲಿಸ್‌ನ ಕೆಳಹಂತದ ತಂಡದಲ್ಲಿ ಆರಂಭಿಸಿದರು. ಅಲ್ಲಿ ಪ್ರತಿ ಪಂದ್ಯದಲ್ಲೂ ಅವರ ಎಸೆತಗಳನ್ನು ಮಿತಿಗೊಳಿಸಿ, ನಿಧಾನವಾಗಿ ಹೆಚ್ಚಿಸಿ, ಮೇ 11ರಂದು ಮೇಲಕ್ಕೆ ಕರೆದರು. ಆ ವರ್ಷ ಅವರು ಆರಂಭಿಕ ಪಿಚರ್ ಆಗಿ 23 ಪಂದ್ಯ ಆಡಿ ತಮ್ಮ ಲೀಗ್‌ನ ವರ್ಷದ ಶ್ರೇಷ್ಠ ಹೊಸ ಆಟಗಾರರಾದರು.

ಆದರೆ ತಡೆದಿಡುವುದರಲ್ಲಿಯೂ ಅನ್ಯಾಯ ನಡೆಯುತ್ತದೆ. ಅಲ್ಲಿ ಆಟಗಾರ ಸ್ವತಂತ್ರನಾಗಿ ಬೇರೆ ತಂಡ ಸೇರಲು ಮೇಜರ್ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಪೂರೈಸಬೇಕು. 172 ದಿನಗಳಾದರೆ ಒಂದು ವರ್ಷದ ಸೇವೆ. ಋತುವಿನ ಮೊದಲ ಕೆಲವು ವಾರ ಹುಡುಗನನ್ನು ಕೆಳಗೇ ಕೂರಿಸಿದರೆ ಆ ವರ್ಷ ಲೆಕ್ಕಕ್ಕೆ ಬಾರದೆ, ತಂಡಕ್ಕೆ ಅವನ ಆಟ ಇನ್ನೊಂದು ವರ್ಷ ಅಗ್ಗದಲ್ಲಿ ಸಿಗುತ್ತದೆ. 2022ರ ಒಪ್ಪಂದದಲ್ಲಿ ಇದಕ್ಕೆ ಸ್ವಲ್ಪ ಕಡಿವಾಣ ಹಾಕಿ, ಶ್ರೇಷ್ಠ ಹೊಸ ಆಟಗಾರನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಪೂರ್ಣ ವರ್ಷದ ಸೇವೆ ನೀಡುವಂತಾಯಿತು. ನಮ್ಮ ಕಡೆಯೂ ಹುಡುಗ ಹೆಸರು ಮಾಡಿದರೆ ಬೆಂಗಳೂರಿನ ಕ್ಲಬ್ ಕರೆದೊಯ್ಯುತ್ತದೆ ಎಂಬ ಭಯದಿಂದ ಮುಂದಕ್ಕೆ ಬಿಡದವರಿದ್ದಾರೆ. ಹುಡುಗ ಸಿದ್ಧನಾದ ಮೇಲೂ ತಡೆದರೆ ಅದನ್ನು ಕಾಳಜಿ ಎನ್ನಲಾಗದು.

ಇನ್ನೊಂದು ಉಪಯುಕ್ತ ಸಂಗತಿ: ಅಲ್ಲಿನ ಮಾರ್ಗಸೂಚಿಯ ಪ್ರಕಾರ 17–18ರ ಪಿಚರ್ ಒಂದು ದಿನಕ್ಕೆ ಗರಿಷ್ಠ 105 ಎಸೆತ ಎಸೆಯಬಹುದು, ಅಷ್ಟು ಎಸೆದ ಮೇಲೆ ನಾಲ್ಕು ದಿನ ವಿಶ್ರಾಂತಿ ಪಡೆಯಬೇಕು. ನಮ್ಮಲ್ಲಿ ಓವರ್‌ಗೆ ಮಿತಿ ಹಾಕುವವರೂ ವಿಶ್ರಾಂತಿಯ ದಿನಗಳನ್ನು ನಿಗದಿ ಮಾಡುವುದಿಲ್ಲ.

ರಾಣೆಬೆನ್ನೂರು ಕೋಚ್:

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ನನ್ನ ಒಲವು ಸ್ವಲ್ಪ ಬೇರೆ ಕಡೆಗಿದೆ. ಹದ ಬರುವ ಮುನ್ನ ಬಿತ್ತಿದರೂ ಕೆಡುತ್ತದೆ, ಹದ ಕಳೆದ ಮೇಲೆ ಬಿತ್ತಿದರೂ ಕೆಡುತ್ತದೆ. ಹದಿನಾರರ ಒಳಗಿನವರ ಪಂದ್ಯದಲ್ಲಿ ಬರಿಯ ವೇಗದಿಂದ ವಿಕೆಟ್ ಕೀಳುವ ಹುಡುಗ, ಅಲ್ಲಿ ಇನ್ನೊಂದು ವರ್ಷ ಉಳಿದರೆ ಏನನ್ನೂ ಕಲಿಯುವುದಿಲ್ಲ. ಅವನು ಶಾರ್ಟ್ ಬಾಲ್ ಹಾಕುತ್ತಾನೆ, ಎದುರಿನವನು ಹೆದರಿ ಔಟಾಗುತ್ತಾನೆ, ತನ್ನ ಲೆಂಗ್ತ್ (ಚೆಂಡು ಪುಟಿಯುವ ಜಾಗ) ಸರಿಯಿದೆ ಎಂದೇ ಹುಡುಗ ತಿಳಿಯುತ್ತಾನೆ. ಆಫ್ ಸ್ಟಂಪ್ ಹೊರಗಿನ ಚೆಂಡನ್ನು ಶಾಂತವಾಗಿ ಬಿಡುವ, ಶಾರ್ಟ್ ಬಾಲನ್ನು ಪುಲ್ ಮಾಡುವ ಮೂವತ್ತರ ಬ್ಯಾಟರ್ ಎದುರು ನಿಂತಾಗಲೇ ಅವನಿಗೆ ತನ್ನ ಕೊರತೆ ಕಾಣುವುದು. ಆ ಪಾಠ ಕೊಡಲು ಸೋಲನ್ನು ಒಪ್ಪಿಕೊಂಡ ತಂಡಕ್ಕಿಂತ ಒಳ್ಳೆಯ ಜಾಗವಿಲ್ಲ; ಗೆಲ್ಲಲೇಬೇಕಾದ ತಂಡದಲ್ಲಿ ಎರಡು ಓವರ್‌ಗೆ 25 ರನ್ ಕೊಟ್ಟ ಹುಡುಗನಿಗೆ ಮತ್ತೆ ಚೆಂಡು ಸಿಗುವುದಿಲ್ಲ.

ಸಿದ್ಧತೆಯನ್ನು ನಾನು ವಿಕೆಟ್‌ಗಳಿಂದ ಅಳೆಯುವುದಿಲ್ಲ. ಎರಡನೇ ಸ್ಪೆಲ್‌ನಲ್ಲಿ ಅವನ ರನ್‌ಅಪ್ ಮೊದಲಿನಂತೆಯೇ ಇದೆಯೇ, ಮುಂಗಾಲು ಅದೇ ದಿಕ್ಕಿಗೆ ಬೀಳುತ್ತಿದೆಯೇ ಎಂದು ನೋಡುತ್ತೇನೆ. ಬೌಂಡರಿ ಹೊಡೆಸಿಕೊಂಡ ಮೇಲೆ ಮುಂದಿನ ಚೆಂಡನ್ನು ಸಿಟ್ಟಿನಿಂದ ಜೋರಾಗಿ ಹಾಕುತ್ತಾನೋ, ಯೋಚಿಸಿ ಹಾಕುತ್ತಾನೋ ಎಂಬುದು ಇನ್ನೂ ಮುಖ್ಯ. ಹೊಳಪು ಹೋದ ಚೆಂಡಿನಿಂದಲೂ ಒಂದು ಓವರ್ ಪೂರ್ತಿ ಒಂದೇ ಜಾಗಕ್ಕೆ ಹಾಕಬಲ್ಲವನು ಹದಿನೇಳರವನಾದರೂ ನನ್ನ ಮಟ್ಟಿಗೆ ಸಿದ್ಧ.

ಹಾವೇರಿ ಜಿಲ್ಲೆಯ ಅನುಭವದಿಂದ ಇನ್ನೊಂದು ಮಾತು. ಎರಡು ವರ್ಷ ಕಾಯಿಸಿದರೆ ಹುಡುಗ ಕಾಯುತ್ತಾ ಕೂರುವುದಿಲ್ಲ. ನಗದು ಬಹುಮಾನದ ಟೆನಿಸ್ ಬಾಲ್ ಟೂರ್ನಿಗಳಿಗೆ ಹೋಗುತ್ತಾನೆ, ಭಾನುವಾರ ಒಂದೇ ದಿನ ಮೂರು ಪಂದ್ಯ ಆಡುತ್ತಾನೆ. ಅಲ್ಲಿ ಫಿಸಿಯೊ ಸರ್ ಹೇಳಿದ ಪುಸ್ತಕ ಇಡುವವರು ಯಾರೂ ಇಲ್ಲ. ಹಿರಿಯರ ತಂಡದ ಸದಸ್ಯನಾಗಿ, ನಿಮ್ಮ ಕಣ್ಣೆದುರು, ನಿಮ್ಮ ಮಿತಿಯೊಳಗೆ ಅವನು ಇದ್ದರೆ ಅದೇ ಹೆಚ್ಚು ಸುರಕ್ಷಿತ. ಜೊತೆಗೆ, ತಡವಾಗಿ ಮೇಲೆ ಬಂದವರು ಕಡಿಮೆಯವರೇನಲ್ಲ ಎಂದು ಹುಡುಗರ ಮನೆಯವರಿಗೂ ಹೇಳಬೇಕು. ಗದಗಿನ ಸುನಿಲ್ ಜೋಶಿ ಅವರು 1996ರಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಿದಾಗ ಅವರಿಗೆ 26 ವರ್ಷ. ಅವರು ಸ್ಪಿನ್ನರ್, ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೆ ಹದಿನೆಂಟಕ್ಕೆ ಹೆಸರು ಬರದಿದ್ದರೆ ಎಲ್ಲವೂ ಮುಗಿಯಿತು ಎಂದು ಭಾವಿಸುವ ತಂದೆ-ತಾಯಿಗೆ ಇದು ಧೈರ್ಯ ಕೊಡುತ್ತದೆ.

ಹಳೇಹುಬ್ಬಳ್ಳಿ ಸೀಮರ್:

ಮೂವರಿಗೂ ಧನ್ಯವಾದಗಳು. ತಂಡದ ಸದಸ್ಯತ್ವ ಮತ್ತು ಬೌಲಿಂಗ್‌ನ ಭಾರ, ಇವೆರಡನ್ನು ಬೇರೆ ಬೇರೆಯಾಗಿ ನೋಡಬಹುದು ಎಂಬುದು ನಿಮ್ಮ ಉತ್ತರಗಳಿಂದ ನನಗೆ ಸ್ಪಷ್ಟವಾಯಿತು. ಸಮಿತಿಯ ಮುಂದೆ ಇಡಲು ಹೀಗೆ ಯೋಚಿಸಿದ್ದೇನೆ. 18ರವನು ಮೊದಲ ಪಂದ್ಯದಿಂದಲೇ ಆಡಲಿ. ಎಡಗೈ ಹುಡುಗ ಮಾರ್ಚ್‌ನ ಪರೀಕ್ಷೆ ಮುಗಿಸಿ ಬರಲಿ. ಬಂದ ಮೇಲೂ ಮೊದಲ ತಿಂಗಳು ನಾಲ್ಕು ಓವರ್‌ಗಳ ಸ್ಪೆಲ್ ಸಾಕು. 16ರ ಹುಡುಗ ಹಿರಿಯರೊಂದಿಗೆ ನೆಟ್ಸ್ ಮಾಡಲಿ, ಡ್ರೆಸಿಂಗ್ ರೂಮಿನಲ್ಲಿರಲಿ, ಋತುವಿನ ಕೊನೆಯ ಭಾಗದಲ್ಲಿ ಆಯ್ದ ಪಂದ್ಯಗಳಲ್ಲಿ ಮಾತ್ರ ಆಡಲಿ. ಉಳಿದಿರುವ ಸಮಸ್ಯೆ ಒಂದೇ. ಎದುರಾಳಿಗಳ ಜೊತೆಯಾಟ ಬೆಳೆಯುತ್ತಿರುವಾಗ ನಾಯಕ ಮಿತಿಯನ್ನು ಮರೆತು ಅವನ ಕೈಗೇ ಚೆಂಡು ಕೊಡುತ್ತಾನೆ. ಅದನ್ನು ತಡೆಯುವುದು ಹೇಗೆ?

ಸಪ್ತಾಪುರ ಫಿಸಿಯೊ:

ಸರ್, ಆ ತೀರ್ಮಾನವನ್ನು ಮೈದಾನದೊಳಗೆ ಬಿಡಬಾರದು. ಟಾಸ್‌ಗೆ ಮುನ್ನವೇ ಆ ದಿನದ ಓವರ್‌ಗಳ ಸಂಖ್ಯೆಯನ್ನು ಬರೆದು ನಾಯಕ, ಸ್ಕೋರರ್ ಮತ್ತು ಹುಡುಗ ಮೂವರಿಗೂ ಕೊಡಿ. ಮಿತಿ ಮುಗಿದಾಗ ಸ್ಕೋರರ್ ಮ್ಯಾನೇಜರ್‌ಗೆ ತಿಳಿಸಲಿ, ಮ್ಯಾನೇಜರ್ ಹನ್ನೆರಡನೆಯ ಆಟಗಾರನ ಮೂಲಕ ನಾಯಕನಿಗೆ ಹೇಳಿ ಕಳುಹಿಸಲಿ. ಹುಡುಗನ ಬಾಯಿಂದಲೇ ಸಾಕು ಎಂಬ ಮಾತು ಬರಲೆಂದು ಕಾಯಬೇಡಿ. ಆ ವಯಸ್ಸಿನವರು ನೋವಿದ್ದರೂ ಇನ್ನೊಂದು ಓವರ್ ಹಾಕುತ್ತೇನೆ ಎಂದೇ ಹೇಳುತ್ತಾರೆ. ಆ ಆಯ್ದ ಪಂದ್ಯಗಳ ನಡುವೆ ಕನಿಷ್ಠ ಒಂದು ವಾರದ ಅಂತರವಿರುವಂತೆ ವೇಳಾಪಟ್ಟಿ ನೋಡಿಕೊಳ್ಳಿ. ಋತು ಆರಂಭವಾಗುವ ಮುನ್ನ ಮೂವರನ್ನೂ ಒಮ್ಮೆ ಧಾರವಾಡಕ್ಕೆ ಕರೆತಂದರೆ ಅವರ ಆ್ಯಕ್ಷನ್ ವಿಡಿಯೊ ಮಾಡಿ ನೋಡೋಣ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ಮಿಶ್ರ ಆ್ಯಕ್ಷನ್ ಇದ್ದರೆ ಈಗಲೇ ತಿದ್ದುವುದು ಸುಲಭ.