ಫೈಲ್ ಹೆಸರಿನ ‘ವಿಸ್ತರಣೆ’: ಬೇರೆ ಪದ ಉಂಟೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಹೊಸದಾಗಿ ಕಂಪ್ಯೂಟರ್ ಕಲಿಯುವವರಿಗೆಂದು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಫೈಲ್ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಚುಕ್ಕೆಯ ಆಚೆ ಬರುವ ‘ಪಿಡಿಎಫ್’ನಂಥ ಭಾಗ) ವಿಷಯಕ್ಕೆ ಬಂದು ಕೈ ನಿಂತಿದೆ. ಸಾಮಾನ್ಯವಾಗಿ ಬಳಸುವ ಪದ ‘ವಿಸ್ತರಣೆ’. ಸಂಪುಟ ವಿಸ್ತರಣೆ, ಅವಧಿ ವಿಸ್ತರಣೆ ಎಂದು ಕೇಳಿ ರೂಢಿಯಾದ ಕಿವಿಗೆ ‘ಫೈಲಿನ ವಿಸ್ತರಣೆಯನ್ನು ಬದಲಿಸಿ’ ಎಂದರೆ ಫೈಲನ್ನು ಹಿಗ್ಗಿಸಲು ಹೇಳಿದಂತಾಗುತ್ತದೆ. ಸಾಲದ್ದಕ್ಕೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಕ್ಕೂ ಇದೇ ಹೆಸರು.

ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಕಾಲದಲ್ಲಿ ಈ ಪದಕ್ಕೆ ಒಂದಿಷ್ಟು ನ್ಯಾಯವಿತ್ತು. ಆಗ ಹೆಸರಿಗೆ 8 ಅಕ್ಷರ, ಅದರಾಚೆ 3 ಅಕ್ಷರ. ಎರಡಕ್ಕೂ ಬೇರೆ ಬೇರೆ ಜಾಗ. ನಡುವಿನ ಚುಕ್ಕೆಯನ್ನು ಡಿಸ್ಕಿನಲ್ಲಿ ಬರೆದಿಡುತ್ತಲೇ ಇರಲಿಲ್ಲ, ತೋರಿಸುವಾಗ ಮಾತ್ರ ಇಡುತ್ತಿದ್ದರು. ಫೋಟೋಗಳ ಜೆಪಿಇಜಿ ಹೋಗಿ ಜೆಪಿಜಿ ಆದದ್ದು, ವೆಬ್ ಪುಟಗಳ ಎಚ್‌ಟಿಎಂಎಲ್ ಹೋಗಿ ಎಚ್‌ಟಿಎಂ ಆದದ್ದು ಈ ಮೂರಕ್ಷರದ ಇಕ್ಕಟ್ಟಿನಿಂದ. ವಿಂಡೋಸ್ 95 ಬಂದು 255 ಅಕ್ಷರಗಳವರೆಗೆ ಹೆಸರಿಡಲು ಬಿಟ್ಟ ಮೇಲೆ ಆ ಗೋಡೆ ಬಿತ್ತು. ಈಗ ಕೊನೆಯ ಚುಕ್ಕೆಯ ಆಚೆ ಇರುವುದಷ್ಟೇ ಎಕ್ಸ್‌ಟೆನ್ಶನ್.

ನನಗೆ ಹೊಳೆದದ್ದು ‘ಪ್ರತ್ಯಯ’. ‘ಮರವನ್ನು’, ‘ಮರದಿಂದ’ ಎಂದಾಗ ಮರವೇನೂ ಬದಲಾಗುವುದಿಲ್ಲ, ವಾಕ್ಯದಲ್ಲಿ ಅದನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಬದಲಾಗುತ್ತದೆ. ಫೈಲಿನಲ್ಲೂ ಹೀಗೆಯೇ. ಒಂದು ಎಚ್‌ಟಿಎಂಎಲ್ ಫೈಲಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ಬರೆದರೆ ಬ್ರೌಸರಿನ ಬದಲು ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ, ಒಳಗಿನ ಟ್ಯಾಗುಗಳೆಲ್ಲ (ಪುಟದ ರೂಪ ಹೇಳುವ ಗುರುತುಗಳು) ಬರಿಗಣ್ಣಿಗೆ ಕಾಣುತ್ತವೆ. ಫೈಲಿನೊಳಗೆ ಒಂದಕ್ಷರವೂ ಆಚೀಚೆ ಆಗಿರುವುದಿಲ್ಲ.

ಇದಕ್ಕಿಂತ ಸೊಗಸಾದ ಉದಾಹರಣೆ ವರ್ಡ್‌ನ ಡಿಓಸಿಎಕ್ಸ್. ಅದರ ಹೆಸರನ್ನು ಜಿಪ್ ಎಂದು ಮುಗಿಸಿ ತೆರೆಯಿರಿ, ಒಳಗೆ ಫೋಲ್ಡರುಗಳು ಸಿಗುತ್ತವೆ. ಅದು ಮೊದಲಿನಿಂದಲೂ ಜಿಪ್ ಕಟ್ಟೇ (ಹಲವು ಫೈಲುಗಳನ್ನು ಒತ್ತಿ ಒಂದಾಗಿಸಿದ್ದು). ಒಳಗಿನ ಮೊದಲ ಎರಡು ಅಕ್ಷರ ‘ಪಿಕೆ’, ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಶಿಯಲ್ಲು. ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸಿನ ‘ಫೈಲ್’ ಎಂಬ ಕಮಾಂಡ್ ಮುಖ್ಯವಾಗಿ ನೋಡುವುದು ಇಂಥ ಒಳಗುರುತುಗಳನ್ನು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಪ್ರಕೃತಿ (ಮೂಲಪದ) ಒಂದೇ, ಪ್ರತ್ಯಯ ಎರಡು. ಪ್ರಕೃತಿಗೆ ಒಗ್ಗದ ಪ್ರತ್ಯಯ ಹಚ್ಚಿದರೂ ನಡೆಯದು: ಫೋಟೋದ ಹೆಸರಿಗೆ ಪಿಡಿಎಫ್ ಅಂಟಿಸಿದ ಮಾತ್ರಕ್ಕೆ ಅದು ಪಿಡಿಎಫ್ ಆಗುವುದಿಲ್ಲ. ಹಾಗೆ ಅಂಟಿಸಿ ಕಳಿಸಿ, ‘ತೆರೀತಿಲ್ವಲ್ಲ’ ಎಂದು ಗೊಣಗುವವರು ಎಲ್ಲೆಲ್ಲೂ ಇದ್ದಾರೆ.

‘ಟಾರ್ ಡಾಟ್ ಜಿಜೆಡ್’ (ಟಾರ್ ಹಲವು ಫೈಲುಗಳನ್ನು ಒಂದು ಕಟ್ಟಾಗಿಸುತ್ತದೆ, ಜಿಜೆಡ್ ಆ ಕಟ್ಟನ್ನು ಒತ್ತಿ ಚಿಕ್ಕದಾಗಿಸುತ್ತದೆ) ಎಂಬ ಜೋಡಿಯೂ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ‘ಮರಗಳಿಂದ’ ಎಂಬುದನ್ನು ಬಿಡಿಸುವಾಗ ಮೊದಲು ‘ಇಂದ’, ಆಮೇಲೆ ‘ಗಳು’ ತೆಗೆಯುತ್ತೇವೆ. ಇಲ್ಲೂ ಮೊದಲು ಜಿಜೆಡ್‌ನ ಒತ್ತಡ ಬಿಡಿಸಿ ನಂತರ ಟಾರ್ ಕಟ್ಟು ಬಿಚ್ಚಬೇಕು.

ತೊಡಕು ಎರಡು ಕಡೆ ಇದೆ. ಮೊದಲನೆಯದು ಲಿಪಿಯದು. ಕೈಪಿಡಿಯಲ್ಲಿ ನಾನು ‘ಪಿಡಿಎಫ್’ ಎಂದು ಬರೆದರೆ, ಓದಿದವರು ಫೈಲಿನ ಹೆಸರಿನಲ್ಲೂ ‘ವರದಿ’ ಚುಕ್ಕೆ ‘ಪಿಡಿಎಫ್’ ಎಂದು ಕನ್ನಡದಲ್ಲೇ ಕೀಲಿಸುತ್ತಾರೆ. ‘ವರದಿ’ಗೆ ಅಡ್ಡಿಯಿಲ್ಲ, ಕನ್ನಡಕ್ಕೂ ಜಾಗವಿರುವ ಯೂನಿಕೋಡ್ ಇದೆ. ಬಾಲ ಮಾತ್ರ ರೋಮನ್ ಲಿಪಿಯಲ್ಲಿರಬೇಕು. ಇಲ್ಲವಾದರೆ ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ನಮ್ಮನ್ನೇ ಕೇಳುತ್ತದೆ. (ಹೌದು, ಈಗ ‘ಬಾಲ’ ಎಂದುಬಿಟ್ಟೆ. ಮಾತಿನಲ್ಲಿ ಅದೇ ಸಲೀಸು.)

ಎರಡನೆಯದು, ಕಾಣದಿರುವ ಎಕ್ಸ್‌ಟೆನ್ಶನ್‌ಗೆ ಏನೆನ್ನಬೇಕು? ತನಗೆ ಗೊತ್ತಿರುವ ಬಗೆಯ ಫೈಲುಗಳಲ್ಲಿ ವಿಂಡೋಸ್ ಅದನ್ನು ತಾನಾಗಿಯೇ ತೋರಿಸುವುದಿಲ್ಲ. 2000ದ ಮೇ ತಿಂಗಳಲ್ಲಿ ಹಬ್ಬಿದ ‘ಐ ಲವ್ ಯೂ’ ಹುಳುವಿಗೆ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ಕೇಡಿನ ತಂತ್ರಾಂಶ) ಒದಗಿಬಂದದ್ದೂ ಇದೇ: ಪ್ರೇಮಪತ್ರದ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ಕಾಣುತ್ತಿತ್ತು, ಅದು ಓಡುವ ಪ್ರೋಗ್ರಾಂ ಎಂದು ಹೇಳುವ ಅದರಾಚೆಯ ವಿಬಿಎಸ್ ಮರೆಯಲ್ಲಿತ್ತು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆಗೆ ಗುರುತು ಹಾಕಿಟ್ಟುಕೊಳ್ಳಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಬರೆಯುವವನಿದ್ದೇನೆ. ವ್ಯಾಕರಣದ ‘ಲೋಪ’ ಇಲ್ಲಿ ಒಪ್ಪದು, ಏಕೆಂದರೆ ಅದು ಬಿದ್ದುಹೋಗಿಲ್ಲ, ಇದೆ. ‘ಮರೆಯಾದ ಪ್ರತ್ಯಯ’ ಎನ್ನಬಹುದೇ?

ಇನ್ನೊಂದು ಅಳುಕು: ‘ಪ್ರತ್ಯಯ’ ಎಂದೊಡನೆ ಕಲಿಯುವವರಿಗೆ ವಿಭಕ್ತಿಗಳ ಬಾಯಿಪಾಠ ನೆನಪಾಗಿ ಪುಟ ತಿರುವಿಬಿಟ್ಟರೆ? ಪಾಠ ಹೇಳಿ ಅನುಭವವಿರುವವರು ತಿಳಿಸಿ. ‘ಹೆಸರುಬಾಲ’ ಎಂದರೆ ತೀರ ಹಗುರವಾಯಿತೇ? ಇಲ್ಲ, ‘ಎಕ್ಸ್‌ಟೆನ್ಶನ್’ ಎಂದೇ ಉಳಿಸಿ, ವಿವರಿಸುವಾಗಷ್ಟೇ ಪ್ರತ್ಯಯದ ಹೋಲಿಕೆ ಕೊಡುವುದು ಮೇಲೇ?